ಕಡೆತದ ಉಳಿಗೆ ಯಾವ ಮರದ ಹಿಡಿ?

ಮುಂಬಯಿಯ ಯಾವುದಾದರೊಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರವೊಂದನ್ನು ಕೇಳಿದರೆ, ಅಂಗಡಿಯವನು ಅದನ್ನು ಸಾಮಾನ್ಯವಾಗಿ ಹಿಡಿಯಿಲ್ಲದೆಯೇ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಅದರ ಚೂಪಾದ ಬಾಲವು ಬರಿದಾಗಿ ಹೊರಗೆ ಚಾಚಿಕೊಂಡಿರುತ್ತದೆ. ಹಿಡಿ ಬೇರೆಯ ಸಾಮಾನು; ಅದಕ್ಕೆ ಬೆಲೆಯೂ ಬೇರೆ. ಮರವನ್ನು ಲೇತಿನ ಮೇಲೆ ತಿರುಗಿಸಿ ಕಡೆಯುವ ಉಳಿಗಳೂ ಹೀಗೆಯೇ ಹಿಡಿಯಿಲ್ಲದೆ ದೊರೆಯುತ್ತವೆ. ಹಿಡಿಯಿರುವ ಉಳಿಗಿಂತ ಹಿಡಿಯಿಲ್ಲದ ಉಳಿ ಅಗ್ಗವಾದುದರಿಂದ, ಮಿತವಾದ ಸಂಬಳದಲ್ಲಿ ಮನೆಯನ್ನೂ ನಡೆಸಿ, ಊರಿಗೂ ಹಣ ಕಳುಹಿಸಿ, ಉಳಿದುದರಲ್ಲಿ ಒಂದು ಹವ್ಯಾಸವನ್ನು ಇಟ್ಟುಕೊಂಡಿರುವವರು ಅದನ್ನೇ ಕೊಳ್ಳುವುದು ಸಹಜವಾಗಿದೆ. ದಿನವೆಲ್ಲ ಗಣಕಯಂತ್ರದ ಮುಂದೆ ಅಂಕಿಗಳನ್ನು ಕೂಡಿಸುವ ಗುಮಾಸ್ತರೂ, ನಸುಕಿನಿಂದ ರಾತ್ರಿಯವರೆಗೆ ಹೊಟೇಲಿನ ಒಲೆಯ ಮುಂದೆ ನಿಲ್ಲುವವರೂ, ವಾರದ ರಜೆಯ ದಿನ ಮೊಗಸಾಲೆಯ ಮೂಲೆಯಲ್ಲಿ ಪುಟ್ಟ ವಿದ್ಯುತ್ ಲೇತೊಂದನ್ನು ಇಟ್ಟುಕೊಂಡು ಲಟ್ಟಣಿಗೆ, ಬುಗುರಿ, ಕುಂಕುಮದ ಭರಣಿಗಳನ್ನು ಕಡೆಯುವುದುಂಟು. ಅಂಥವರಿಗೆ ಮೊದಲು ಎದುರಾಗುವ ಪ್ರಶ್ನೆಯೇ ಇದು: ಉಳಿ ಬಂದಿತು, ಅದಕ್ಕೆ ಹಿಡಿಯನ್ನು ಯಾವುದರಿಂದ ಮಾಡಬೇಕು?

ಇದನ್ನು ಅಲ್ಪ ವಿಷಯವೆಂದು ತಳ್ಳಿಹಾಕುವಂತಿಲ್ಲ. 3 ಅಂಗುಲ ದಪ್ಪದ ಮರದ ತುಂಡು ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುವಾಗ ಅದರ ಮೇಲ್ಮೈಯು ಗಂಟೆಗೆ ಸುಮಾರು 21 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಎದುರಿಗೆ ಹರಿತವಾದ ಉಕ್ಕನ್ನು ಒಡ್ಡಿ ನಿಂತವನಿಗೂ ಅಪಾಯಕ್ಕೂ ನಡುವೆ ಇರುವುದು ಆ ಹಿಡಿಯೊಂದೇ. ಹಿಡಿ ಮುರಿದರೆ ಉಕ್ಕಿನ ಬಾಲವು ಅಂಗೈಗೆ ನುಗ್ಗುವುದು. ಉಳಿಯ ಬಾಯಿ ಎತ್ತ ಹಾರುವುದೋ ಹೇಳಬಾರದು. ಕೈಯೇ ಬಂಡವಾಳವಾಗಿರುವ ನಮ್ಮವರಿಗೆ, ಬೆರಳಿಗೆ ಹೊಲಿಗೆ ಬಿದ್ದು ಹದಿನೈದು ದಿನ ಮನೆಯಲ್ಲಿ ಕುಳಿತರೆ ಆಗುವ ನಷ್ಟವು ಹತ್ತು ಉಳಿಗಳ ಬೆಲೆಯನ್ನು ಮೀರುತ್ತದೆ.

ಹಿಡಿಯ ಮೇಲೆ ಬೀಳುವ ಭಾರ

ಬಡಗಿಯು ಚೌಕಟ್ಟಿಗೆ ತೂತು ಕೊರೆಯುವ ಉಳಿಗೂ ಕಡೆತದ ಉಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮೊದಲನೆಯದರ ತಲೆಯ ಮೇಲೆ ಕೊಡತಿಯ ಪೆಟ್ಟು ಬೀಳುತ್ತದೆ. ಆದುದರಿಂದ ಅದರ ಹಿಡಿ ಸೀಳದಂತಹ ಗಟ್ಟಿ ಮರದ್ದಾಗಿರಬೇಕು. ಕಡೆತದ ಉಳಿಗೆ ಪೆಟ್ಟೇ ಇಲ್ಲ. ಅದು ಲೇತಿನ ಮುಂದಿರುವ ಆನಿಕೆಪಟ್ಟಿಯ ಮೇಲೆ ಕುಳಿತು ಮೀಟುಗೋಲಿನಂತೆ ಕೆಲಸ ಮಾಡುತ್ತದೆ. ಉಳಿಯ ಬಾಯಿ ಆನಿಕೆಯಿಂದ 1 ಅಂಗುಲ ಮುಂದೆಯೂ ಕೈ 12 ಅಂಗುಲ ಹಿಂದೆಯೂ ಇದ್ದರೆ, ಬಾಯಿಯ ಮೇಲೆ ಬೀಳುವ 24 ಕಿಲೋ ಭಾರವನ್ನು ಕೈಯ 2 ಕಿಲೋ ಬಲ ತಡೆಯುತ್ತದೆ. ಪಾತ್ರೆಯ ಒಳಭಾಗವನ್ನು ಕಡೆಯುವಾಗ ಬಾಯಿ 3 ಅಂಗುಲ ಮುಂದೆ ಚಾಚಿದರೆ, ಅದೇ ಭಾರಕ್ಕೆ 6 ಕಿಲೋ ಬೇಕಾಗುವುದು. ಕೈ ಹಿಂದೆ ಕೇವಲ 6 ಅಂಗುಲದಲ್ಲಿದ್ದರೆ 12 ಕಿಲೋ! ಉಳಿ ಹಠಾತ್ತಾಗಿ ಮರದೊಳಕ್ಕೆ ಕಚ್ಚಿಕೊಂಡಾಗ ಬೀಳುವ ಎಳೆತ ಇದಕ್ಕಿಂತಲೂ ಹೆಚ್ಚಿನದು, ಅದೂ ಕಣ್ಣೆವೆ ಮುಚ್ಚುವಷ್ಟರಲ್ಲಿ.

ಈ ಎಳೆತವೆಲ್ಲವೂ ಉಕ್ಕಿನ ಬಾಲವು ಮರದೊಳಗೆ ಸೇರುವ ಸ್ಥಳದಲ್ಲಿಯೇ ಕೇಂದ್ರೀಕರಿಸುತ್ತದೆ. ಹಿಡಿಯ ಮರವು ಅಲ್ಲಿ ತೂತಾಗಿರುತ್ತದೆ. ಅದರ ಗೋಡೆ ಕಾಲು ಅಂಗುಲದಷ್ಟು ಮಾತ್ರ ಉಳಿದಿರುತ್ತದೆ. ಮುರಿಯುವ ಹಿಡಿಗಳು ಸಾಮಾನ್ಯವಾಗಿ ಅಲ್ಲಿಯೇ ಮುರಿಯುತ್ತವೆ. ಇದನ್ನು ಅರಿತವನಿಗೆ ಆಯ್ಕೆಯ ಸೂತ್ರ ತಾನಾಗಿಯೇ ಹೊಳೆಯುತ್ತದೆ. ಪೆಟ್ಟು ಇಲ್ಲವಾದುದರಿಂದ ಅತಿ ಕಠಿಣವಾದ ಮರವೇ ಬೇಕೆಂದಿಲ್ಲ. ಬಾಗಿಸುವ ಬಲಕ್ಕೆ ಒಡ್ಡಿಕೊಳ್ಳಬೇಕಾದುದರಿಂದ ಎಳೆಗಳು ತುದಿಯಿಂದ ತುದಿಯವರೆಗೆ ನೆಟ್ಟಗೆ ಹರಿದಿರಲೇಬೇಕು. ಮರದ ಜಾತಿ ಎರಡನೆಯ ಮಾತು. ಅಂದದ ಮಾತು ಅದಕ್ಕಿಂತಲೂ ಹಿಂದಿನದು. ಆದರೆ ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡಿ, ಸುಳಿಸುಳಿಯಾದ ಚಿತ್ತಾರವಿರುವ ತುಂಡನ್ನು ಮೆಚ್ಚಿ ಆರಿಸಿಬಿಡುತ್ತಾರೆ. ಆ ಸುಳಿಯೇ ಎಳೆಯು ಅಡ್ಡ ತಿರುಗಿದ ಗುರುತು. ಭರಣಿಗೆ ಅದು ಭೂಷಣ, ಹಿಡಿಗೆ ಮಾರಕ.

ಆಟಿಕೆಯ ಮರವೇ ಹಿಡಿಗೂ ಸಾಕೇ?

ಕನ್ನಡದಲ್ಲಿ ಮಜ್ಜಿಗೆಯನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಒಂದೇ ಕ್ರಿಯಾಪದವಿರುವುದು ಗಮನಾರ್ಹವಾಗಿದೆ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಅತ್ತಿತ್ತ ಎಳೆಯುವ ಹಾಗೆಯೇ, ಹಿಂದಿನ ಕಡೆತದ ಯಂತ್ರಕ್ಕೂ ಹಗ್ಗವನ್ನೋ ಬಿಲ್ಲನ್ನೋ ಕಟ್ಟಿ ಮರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದರು. ಮರ ತನ್ನತ್ತ ತಿರುಗುವಾಗ ಮಾತ್ರ ಉಳಿ ತಾಗಬೇಕು. ಹಿಂದಕ್ಕೆ ತಿರುಗುವಾಗ ಬಿಡಬೇಕು. ನೆಲದ ಮೇಲೆ ಕುಳಿತ ಕುಶಲಿಯು ಕೈಯಲ್ಲಿ ಉಳಿಯನ್ನು ಹಿಡಿದು ಕಾಲ್ಬೆರಳಿನಿಂದ ಅದನ್ನು ಒತ್ತಿಕೊಳ್ಳುತ್ತಿದ್ದನು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ಆ ನುಣುಪಾದ ದುಂಡು ಕಂಬಗಳನ್ನು ನೋಡಿದವರಿಗೆ, ನಮ್ಮ ನಾಡಿನಲ್ಲಿ ಕಡೆತದ ವಿದ್ಯೆ ಕಲ್ಲಿನವರೆಗೂ ಹೋಗಿತ್ತೆಂಬುದು ಮನದಟ್ಟಾಗದೆ ಇರದು.

ಇಂದು ಕಡೆತವೆಂದೊಡನೆ ನಮಗೆ ನೆನಪಾಗುವುದು ಬೆಂಗಳೂರು ಮೈಸೂರುಗಳ ನಡುವಣ ಚನ್ನಪಟ್ಟಣ. ಅಲ್ಲಿನ ಬೊಂಬೆಗಳಿಗೆ ಮುಖ್ಯವಾಗಿ ಬಳಸುವುದು ಹಾಲೆ ಮರ. ಅದು ದಂತದಂತೆ ಬೆಳ್ಳಗಿದ್ದು, ಎಳೆ ನವಿರಾಗಿ, ಉಳಿಗೆ ಬೆಣ್ಣೆಯಂತೆ ಒದಗುತ್ತದೆ. ಮರಾಠಿಯವರು ಅದನ್ನು ಕಾಳಾ ಕುಡಾ ಎನ್ನುತ್ತಾರೆ; ತಮಿಳರು ವೆಟ್ಪಾಲೈ ಎನ್ನುತ್ತಾರೆ; ಆಂಧ್ರದ ಏಟಿಕೊಪ್ಪಾಕದಲ್ಲಿ ಅಂಕುಡು ಕರ್ರ ಎಂಬ ಹೆಸರಿನಿಂದ ಅದೇ ಮರವು ಅದೇ ಬಗೆಯ ಅರಗಿನ ಬೊಂಬೆಗಳಾಗುತ್ತಿದೆ. ಆದರೆ ಬೊಂಬೆಯ ಗುಣ ಬೇರೆ, ಬೊಂಬೆಯನ್ನು ಕಡೆಯುವ ಉಳಿಯ ಹಿಡಿಯ ಗುಣ ಬೇರೆ. ಹಗುರವೂ ಮೃದುವೂ ಆದ ಹಾಲೆಯು 8 ಅಥವಾ 10 ಅಂಗುಲದ ಸಣ್ಣ ಹಿಡಿಗೆ, ಗೆರೆ ಕೊರೆಯುವ ಚಿಕ್ಕ ಉಳಿಗೆ ಸಾಕು. ಚೌಕ ತುಂಡನ್ನು ದುಂಡು ಮಾಡುವ ದೊಡ್ಡ ಉಳಿಗೆ ಅದನ್ನು ಹಾಕುವುದು ಉಚಿತವಲ್ಲ. ಹಗುರವಾದ ಹಿಡಿಯು ಉಳಿಯ ನಡುಕವನ್ನು ನೇರವಾಗಿ ಮೊಣಕೈಗೆ ಮುಟ್ಟಿಸುತ್ತದೆ. ತುಸು ತೂಕವಿರುವ ಮರ ಆ ನಡುಕವನ್ನು ನುಂಗಿಕೊಳ್ಳುತ್ತದೆ.

ನಾಡಿನ ಮರಗಳು

ಹೊರದೇಶದ ಪುಸ್ತಕಗಳನ್ನು ತೆರೆದರೆ ಹಿಡಿಗಳಿಗೆ ಇಂಗ್ಲೆಂಡಿನಲ್ಲಿ ಆಶ್ ಮತ್ತು ಬೀಚ್, ಅಮೆರಿಕದಲ್ಲಿ ಹಿಕರಿ ಎಂದು ಬರೆದಿರುತ್ತದೆ. ಅಲ್ಲಿಯೂ ಈಗ ಹಿಂದಿನ ಸುಭಿಕ್ಷವಿಲ್ಲ. ಆಶ್ ಮರವನ್ನು ಒಣಗಿಸಿ ಕೊಲ್ಲುವ ಶಿಲೀಂಧ್ರರೋಗವು 2012ರಲ್ಲಿ ಬ್ರಿಟನ್ನಿನಲ್ಲಿಯೂ ಕಾಣಿಸಿಕೊಂಡಿತು. ಆ ಮರಗಳನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮಗಿಲ್ಲ. ಅವುಗಳಿಗೆ ಸಮನಾದುವು ನಮ್ಮ ಕಾಡಿನಲ್ಲಿಯೇ ಇವೆ.

ಅವುಗಳಲ್ಲಿ ಮೊದಲ ಮಣೆಯನ್ನು ನಾನು ದಡಸಲಿಗೆ ಕೊಡುತ್ತೇನೆ. ಕೆಲವು ಕಡೆ ತಡಸಲು ಎಂದೂ ಕರೆಯುವ ಈ ಮರ ಮರಾಠಿಯ ಧಾಮಣ. ಬಾಗಿದರೂ ಮುರಿಯದೆ ಮತ್ತೆ ನೆಟ್ಟಗಾಗುವ ಗುಣ ಇದಕ್ಕೆ ಹೆಸರು ತಂದಿದೆ. ಗಾಡಿಯ ಮೂಕಿಗೂ, ಹೆಗಲ ಮೇಲೆ ಭಾರ ಹೊರುವ ಅಡ್ಡೆಗೂ, ಕೊಡಲಿಯ ಕಾವಿಗೂ ನಮ್ಮ ಹಿರಿಯರು ಇದನ್ನೇ ಆರಿಸುತ್ತಿದ್ದುದು ಇದೇ ಗುಣಕ್ಕಾಗಿ. ಅದರ ಜೊತೆಗೆ ನಿಲ್ಲಬಲ್ಲದ್ದು ದಿಂಡಿಗ, ಅಂದರೆ ಮರಾಠಿಯ ಧಾವಡಾ. ಗಾಡಿಯ ಅಚ್ಚಿಗೆ ಬಳಸುತ್ತಿದ್ದ ಮರವೆಂದ ಮೇಲೆ ಅದರ ಗಟ್ಟಿತನವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಆದರೆ ಒಣಗುವಾಗ ಬಿರಿಯುವ ಸ್ವಭಾವ ಅದಕ್ಕಿದೆ. ಅವಸರಪಡುವವನಿಗೆ ಅದು ಒಗ್ಗದು.

ಇವೆರಡೂ ನಗರಗಳಲ್ಲಿ ಕೇಳಿದೊಡನೆ ಸಿಕ್ಕುವಂಥವಲ್ಲ. ಎಲ್ಲೆಲ್ಲಿಯೂ ಸಿಕ್ಕುವುದು ಜಾಲಿ. ಬಯಲುಸೀಮೆಯ ಕರಿಜಾಲಿ ಅಥವಾ ಗೊಬ್ಬಳಿಯೇ ಪುಣೆಯಲ್ಲಿ ಬಾಭೂಳ, ಹೈದರಾಬಾದಿನಲ್ಲಿ ನಲ್ಲತುಮ್ಮ, ಮದರಾಸಿನಲ್ಲಿ ಕರುವೇಲಂ, ದೆಹಲಿಯಲ್ಲಿ ಕೀಕರ್. ನೇಗಿಲಿಗೂ ಗಾಡಿಯ ಚಕ್ರಕ್ಕೂ ಒದಗಿದ ಮರ ಇದು. ಇದರ ಕೆಂಪು ಚೇಗಿನಿಂದ ಮಾಡಿದ ಹಿಡಿ ಎಷ್ಟು ಬಳಸಿದರೂ ಸವೆಯುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಮಾತ್ರ ಕೆತ್ತಿ ತೆಗೆಯಬೇಕು, ಅದಕ್ಕೆ ಹುಳು ಹಿಡಿಯುತ್ತದೆ. ಬಳ್ಳಾರಿ ಜಾಲಿಯೆಂದು ನಾವು ಶಪಿಸುವ ಪರದೇಶಿ ಮರವೂ ಈ ಕೆಲಸಕ್ಕೆ ಬಹಳ ಒಳ್ಳೆಯದು. ಒಣಗಿದಾಗ ಅದು ಕುಗ್ಗುವುದು ಬಹು ಸ್ವಲ್ಪ. ನೆಟ್ಟನೆಯ ತುಂಡು ಸಿಕ್ಕುವುದೇ ಅಪರೂಪವೆಂಬುದೊಂದೇ ಕೊರತೆ; ಆದರೆ ನಮಗೆ ಬೇಕಾದುದು ಒಂದೂವರೆ ಅಡಿ ಮಾತ್ರವಲ್ಲವೇ? ಸೌದೆಯ ರಾಶಿಯಲ್ಲಿ ಅಷ್ಟುದ್ದದ ತುಂಡು ಹುಡುಕಿದರೆ ದೊರೆಯುತ್ತದೆ.

ಸೀಬೆ ಮರವನ್ನು ಬಲ್ಲವರು ಬಹಳವಾಗಿ ಮೆಚ್ಚುತ್ತಾರೆ. ಹಿತ್ತಲಿನ ಸೀಬೆಯ ಕೊಂಬೆಯನ್ನು ಸವರಿದಾಗ ದೊರೆಯುವ ತುಂಡು ನುಣುಪಾದ, ಬಿಗಿಯಾದ ಎಳೆಯುಳ್ಳದ್ದು. ಹುಣಸೆಯ ಚೇಗು ಅತಿ ಕಠಿಣ, ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ; ಸೀಳುವ ಭಯವಿಲ್ಲ, ಆದರೆ ಕಡೆಯುವಾಗ ಉಳಿಯ ಹರಿತವನ್ನು ತಿಂದುಹಾಕುತ್ತದೆ. ತೇಗದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಪೆಟ್ಟಿಗೆ ಅದು ಸ್ವಲ್ಪ ಪೆಡಸು. ಸುತ್ತಿಗೆಯ ಕಾವಿಗೆ ಸಲ್ಲದು. ಕಡೆತದ ಉಳಿಗೆ ಪೆಟ್ಟಿಲ್ಲದಿರುವುದರಿಂದಲೂ, ಮಳೆಗಾಲ ಬೇಸಗೆಗಳೆನ್ನದೆ ತನ್ನ ಅಳತೆಯನ್ನು ಉಳಿಸಿಕೊಳ್ಳುವುದರಿಂದಲೂ ಇಲ್ಲಿ ಅದನ್ನು ಧಾರಾಳವಾಗಿ ಬಳಸಬಹುದು. ಆದರೆ ತೇಗದಲ್ಲಿ ಎಣ್ಣೆಯ ಅಂಶವಿದೆ. ತೂತಿನ ಒಳಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆಯೇ ಅಂಟನ್ನು ಹಾಕಬೇಕು.

ಬೀಟೆ ಚೆಲುವಾದ ಮರವೇ ಸರಿ. ಆದರೆ ಅದರ ಕುಲದ ಎಲ್ಲ ಮರಗಳೂ 2017ರ ಜನವರಿಯಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿವೆ. ಒಂದು ಹಿಡಿಗಾಗಿ ಅದನ್ನು ಹುಡುಕುವುದು ಅನಾವಶ್ಯಕ. ಮಾವು ಹಗುರ, ಎಳೆ ಒರಟು, ಹುಳುವಿಗೆ ಸುಲಭದ ತುತ್ತು. ಗಾಳಿಮರ, ಅಂದರೆ ಕಡಲ ತೀರದ ಸರ್ವೆ, ಭಾರವಾಗಿದ್ದರೂ ಒಣಗುತ್ತ ಸೀಳುತ್ತದೆ. ಸಾರುವೆಯ ಕಂಬಕ್ಕೆ ಸರಿ, ಹಿಡಿಗೆ ಅಲ್ಲ. ಇನ್ನು ಬೇಲಿಯ ಕಣಗಿಲೆಯನ್ನು ಮಾತ್ರ ಮುಟ್ಟಲೇಬಾರದು. ಅದರ ಸರ್ವಾಂಗವೂ ವಿಷ. ಕಡೆಯುವಾಗ ಏಳುವ ಧೂಳೂ, ಬಳಿಕ ಬೆವರಿನ ಕೈಯೂ ಆ ವಿಷಕ್ಕೆ ದಾರಿಯಾಗುತ್ತವೆ.

ಪರದೇಶಿಗಳಾದ ನಮಗೆ ಸಿಕ್ಕುವುದೇನು?

ಊರಿನಲ್ಲಿದ್ದರೆ ತೋಟದ ಬೇಲಿಯಿಂದ ಒಂದು ಕೊಂಬೆಯನ್ನು ತರಬಹುದಾಗಿತ್ತು. ಮುಂಬಯಿಯಲ್ಲಿ ದಾರಿಯ ಬದಿಯ ಮರಕ್ಕೆ ಅನುಮತಿಯಿಲ್ಲದೆ ಕತ್ತಿಯನ್ನು ತಾಗಿಸುವಂತಿಲ್ಲ. 1975ರ ಕಾಯಿದೆ ಅದನ್ನು ತಡೆಯುತ್ತದೆ, ತಡೆಯುವುದೂ ಯುಕ್ತವೇ. ಮುಂಬಯಿಯ ರೇ ರೋಡಿನಲ್ಲೋ ದೆಹಲಿಯ ಕೀರ್ತಿನಗರದಲ್ಲೋ ಮರದ ಮಂಡಿಗಳಿವೆ. ಕೊಯ್ದು ಉಳಿದ ತುಂಡುಗಳನ್ನು ಕೇಳಿ ಪಡೆಯುವುದು ಒಂದು ದಾರಿ. ಆದರೆ ನನ್ನ ಮಟ್ಟಿಗೆ ನಗರವಾಸಿಯ ನಿಜವಾದ ಕಾಡು ಎಂದರೆ ಹಳೆಯ ಸಾಮಾನಿನ ಬಜಾರು.

ಇರಾನಿ ಹೊಟೇಲುಗಳ ಬಾಗಿದ ಬೆನ್ನಿನ ಕಪ್ಪು ಕುರ್ಚಿಗಳನ್ನು ನಮ್ಮ ವಾಚಕರಲ್ಲಿ ನೋಡದವರಾರು? ಆ ಹೊಟೇಲುಗಳು ಒಂದೊಂದಾಗಿ ಮುಚ್ಚಿದಂತೆ ಕುರ್ಚಿಗಳು ಚೋರ್ ಬಜಾರಿಗೆ ಬಂದು ಬಿದ್ದವು. ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ಆ ಕ್ರಮವನ್ನು ಪ್ರಸಿದ್ಧಿಗೆ ತಂದವರು ವಿಯೆನ್ನಾದ ಥೋನೆಟ್ ಮನೆತನದವರು. ಅವರ ಪ್ರಖ್ಯಾತ 14ನೆಯ ಸಂಖ್ಯೆಯ ಕುರ್ಚಿ 1859ರದು. ಆ ಬಗೆಯ ಕುರ್ಚಿಗಳು ಯೂರೋಪಿನಿಂದ ಹಡಗಿನಲ್ಲಿ ಬಂದವು, ಅವುಗಳ ಮರ ಬೀಚ್. ಅಂದರೆ ಇಂಗ್ಲೆಂಡಿನ ಉಳಿ ತಯಾರಕರು ಹಿಡಿಗೆ ಬಳಸುತ್ತಿದ್ದ ಅದೇ ಮರ! ಬಗ್ಗಿಸಿದ ಮರದ ಎಳೆ ನೆಟ್ಟಗಿಲ್ಲದಿದ್ದರೆ ಅದು ಬಗ್ಗುವಾಗಲೇ ಸೀಳಿಹೋಗುತ್ತಿತ್ತು. ಆದುದರಿಂದ ಅಂಥ ಕುರ್ಚಿಗೆ ಆರಿಸಿದ ಮರವೇ ಉತ್ತಮವಾದದ್ದು. ಹಲವು ದಶಕಗಳು ಒಣಗಿರುವುದರಿಂದ ಇನ್ನು ಕುಗ್ಗುವ ಭಯವೂ ಇಲ್ಲ. ಮುರಿದ ಕುರ್ಚಿಯೊಂದರ ಮುಂಗಾಲುಗಳಿಂದ ಸಣ್ಣ ಉಳಿಗಳಿಗೆ ಎರಡು ಒಳ್ಳೆಯ ಹಿಡಿಗಳಾಗುತ್ತವೆ. ಕೊಳ್ಳುವ ಮೊದಲು ಸೂಜಿಮೊನೆಯಷ್ಟು ತೂತುಗಳೂ ಹಿಟ್ಟಿನಂಥ ಪುಡಿಯೂ ಇವೆಯೇ ಎಂದು ನೋಡಬೇಕು. ಇದ್ದರೆ ಒಳಗೆ ಹುಳುವಿದೆ, ಬಿಟ್ಟುಬಿಡಬೇಕು.

ಇನ್ನೊಂದು ನಿಧಿ ಆಟದ ಮೈದಾನದಲ್ಲಿದೆ. ಹಳೆಯ ಹಾಕಿ ಕೋಲುಗಳನ್ನು ಹಿಪ್ಪುನೇರಳೆಯ ಮರದಿಂದ ಮಾಡುತ್ತಿದ್ದರು. ಚೆಂಡಿನ ಪೆಟ್ಟನ್ನು ವರ್ಷಗಟ್ಟಲೆ ತಡೆದ ಆ ಮರ ಉಳಿಯ ನಡುಕಕ್ಕೆ ಹೆದರುವುದೇ? ಶಾಲೆಯ ಸಾಮಾನು ಕೋಣೆಯಲ್ಲಿ ಮೂಲೆ ಸೇರಿದ ಇಂಥ ಕೋಲು ಸಿಕ್ಕಿದರೆ ತೆಳ್ಳಗಿನ ಹಿಡಿಗೆ ಒದಗುತ್ತದೆ. ಈಚಿನ ಕೋಲುಗಳು ನೂಲು ಮತ್ತು ರಾಳ ಬೆರೆಸಿದ ಕೃತಕ ವಸ್ತುವಿನವು. ಅವು ಬೇಡ, ಅವುಗಳ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ರಿಕೆಟ್ ದಾಂಡಿನ ಹಿಡಿಯೂ ಆಲೋಚಿಸತಕ್ಕದ್ದೇ. ಬೆತ್ತದ ಪಟ್ಟಿಗಳ ನಡುವೆ ರಬ್ಬರನ್ನು ಸೇರಿಸಿ ಅಂಟಿಸಿದ ಆ ರಚನೆಯ ಉದ್ದೇಶವೇ ಕೈಗೆ ನಡುಕ ತಟ್ಟದಂತೆ ಮಾಡುವುದು. ಆದರೆ ಅದರ ನಡುವೆ ತೂತು ಕೊರೆದರೆ ಅಂಟಿನ ಕೀಲುಗಳು ಬಿಡುತ್ತವೆ; ಅದರಿಂದ ಪಾಠವನ್ನು ಕಲಿಯಬಹುದೇ ಹೊರತು ಹಿಡಿಯನ್ನು ಮಾಡಲಾಗದು.

ಯಂತ್ರಗಳನ್ನು ತುಂಬಿ ಬರುವ ಪರದೇಶದ ಪೆಟ್ಟಿಗೆಗಳ ಹಲಗೆಯನ್ನೂ ಅನೇಕರು ತರುತ್ತಾರೆ. ಬಹುಮಟ್ಟಿಗೆ ಅದು ಪೈನ್ ಜಾತಿಯ ಮೆದು ಮರ. ಅರದ ಹಿಡಿಗೆ ಸಾಕು, ದೊಡ್ಡ ಉಳಿಗೆ ಸಾಲದು. ಅದರ ಮೇಲಿನ ಮುದ್ರೆಯನ್ನು ಓದುವುದು ಒಳ್ಳೆಯದು. ಎಚ್.ಟಿ. ಎಂದಿದ್ದರೆ ಕಾಯಿಸಿ ಹುಳು ಕೊಂದದ್ದು, ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಿದ್ದು. ಎರಡನೆಯದನ್ನು ಮನೆಯೊಳಕ್ಕೆ ತರಬಾರದು.

ಮರವಲ್ಲದ ಪದಾರ್ಥಗಳ ವಿಷಯವಾಗಿ ಬಹಳ ಹೇಳಬೇಕಾಗಿಲ್ಲ. ಬಿದಿರಿನ ಪೈಕಿ ಲಾಠಿಗೆ ಬಳಸುವ ಗಟ್ಟಿ ಜಾತಿಯ ಗಂಡು ಬಿದಿರು, ಅದೂ ಬೇರಿನ ಹತ್ತಿರದ ತುಂಡು, ಬಿಗಿಯಾಗಿ ಸುತ್ತಿ ಕಟ್ಟಿದರೆ ನಡೆಯುತ್ತದೆ. ಅಲ್ಯೂಮಿನಿಯಮ್ ಕೊಳವೆಯ ಹಿಡಿಗಳನ್ನು ಈಗ ಮಾರುತ್ತಾರೆ. ಒಳಗೆ ಸೀಸದ ಗುಂಡುಗಳನ್ನು ತುಂಬಿ ತೂಕವನ್ನು ಹೆಚ್ಚಿಸುವುದೂ ಉಂಟು. ಬೆಲೆ ಹೆಚ್ಚು, ಚಳಿಗಾಲದಲ್ಲಿ ಕೈಗೆ ತಣ್ಣಗೆ ಕೊರೆಯುತ್ತದೆ. ನೀರಿನ ಪ್ಲಾಸ್ಟಿಕ್ ಕೊಳವೆಯನ್ನು ಹಿಡಿಯಾಗಿಸುವ ಸಾಹಸ ಯಾರೂ ಮಾಡಬಾರದು. ಅದು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ.

ತುಂಡನ್ನು ಪರೀಕ್ಷಿಸುವ ಬಗೆ

ನಮ್ಮ ಕಡೆಯ ವೃದ್ಧ ಬಡಗಿಯೊಬ್ಬರನ್ನು ಒಮ್ಮೆ ಕೇಳಿದ್ದೆ: "ಆಚಾರ್ರೇ, ಈ ಎರಡು ತುಂಡುಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ?" ಅವರು ಮರದ ಹೆಸರನ್ನೇ ಕೇಳಲಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ಬದಿಯ ಗೆರೆಗಳನ್ನು ನೋಡಿ, "ಇದರ ಗೆರೆ ಅರ್ಧದಲ್ಲಿ ಹೊರಗೆ ಹೋಗ್ತದೆ ಮಾರಾಯ್ರೇ, ಇದನ್ನು ಒಲೆಗೆ ಹಾಕಿ" ಎಂದರು. ಪರೀಕ್ಷೆಯೆಲ್ಲವೂ ಆ ಮಾತಿನಲ್ಲಿ ಅಡಗಿದೆ. ಕೊಯ್ದ ತುಂಡಿಗಿಂತ ಕೊಡಲಿಯಿಂದ ಸೀಳಿದ ತುಂಡು ಮೇಲು; ಏಕೆಂದರೆ ಗರಗಸವು ಎಳೆಯನ್ನು ಲೆಕ್ಕಿಸದೆ ಹೋಗುತ್ತದೆ, ಸೀಳು ಮಾತ್ರ ಎಳೆಯ ಹಾದಿಯನ್ನೇ ಹಿಡಿಯುತ್ತದೆ.

ಗೆರೆ ಕಣ್ಣಿಗೆ ಸ್ಪಷ್ಟವಾಗದಿದ್ದಲ್ಲಿ ಗುಮಾಸ್ತ ಮಿತ್ರರಿಗೆ ಹಿಡಿಸುವಂತಹ ಉಪಾಯವೊಂದಿದೆ. ಕೀಸುಳಿಯಿಂದ ನಯ ಮಾಡಿದ ಮೈಯ ಮೇಲೆ ಒಂದು ಹನಿ ಶಾಯಿಯನ್ನು ಇಡಬೇಕು. ಶಾಯಿಯು ಎಳೆಯ ಉದ್ದಕ್ಕೂ ಹರಿದು ಸಣ್ಣ ಗೀಟಾಗುತ್ತದೆ. ಆ ಗೀಟು ತುಂಡಿನ ಅಂಚಿಗೆ ಸಮಾನಾಂತರವಾಗಿದ್ದರೆ ತುಂಡು ಯೋಗ್ಯ, ಓರೆಯಾದರೆ ಅಯೋಗ್ಯ. ಪಕ್ಕದ ಮೈಯ ಮೇಲೂ ಹೀಗೆಯೇ ನೋಡಬೇಕು, ಒಂದೇ ಮೈಯನ್ನು ನಂಬಬಾರದು. ಬಳಿಕ ತುಂಡನ್ನು ಎರಡು ಬೆರಳಿನಲ್ಲಿ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ಮರ ಟಣ್ಣೆಂದು ನುಡಿಯುತ್ತದೆ. ಮಂಕಾದ ಸದ್ದು ಬಂದರೆ ಒಳಗೆ ಬಿರುಕೋ ಕೊಳೆತವೋ ಇದೆ. ಗಂಟು ಹಿಡಿಯ ಹಿಂಭಾಗದಲ್ಲಿದ್ದರೆ ಚಿಂತೆಯಿಲ್ಲ, ಬಳೆ ಕೂರುವ ಮುಂಭಾಗದಲ್ಲಿ ಇರಕೂಡದು. ಕೊಂಬೆಯ ನಟ್ಟನಡುವಿನ ತಿರುಳನ್ನು ಒಳಗೊಂಡ ತುಂಡೂ ಬೇಡ. ಅದು ಇಂದಲ್ಲ ನಾಳೆ ಬಿರಿಯುತ್ತದೆ.

ಹಸಿ ಮರದಿಂದ ಹಿಡಿಯನ್ನು ಮಾಡಿದವನು ಆರು ತಿಂಗಳಲ್ಲಿ ಪಶ್ಚಾತ್ತಾಪಪಡುತ್ತಾನೆ. ಮರವು ಉದ್ದದಲ್ಲಿ ಕುಗ್ಗುವುದು ನಗಣ್ಯ, ಅಡ್ಡಳತೆಯಲ್ಲಿ ಕುಗ್ಗುತ್ತದೆ; ಆಗ ಬಿಗಿಯಾಗಿ ಕೂರಿಸಿದ ಬಳೆ ಕಳಚಿ ಬೀಳುತ್ತದೆ. ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಿಸಬೇಕೆಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಎರಡು ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದಿಟ್ಟರೆ ಬಿರುಕು ಬಿಡದು. ದೆಹಲಿಯ ಒಣ ಹವೆಯಲ್ಲಿ ಒಣಗಿದ ಮರ ಮುಂಬಯಿಯ ಆಷಾಢದಲ್ಲಿ ಉಬ್ಬುತ್ತದೆ, ಇಲ್ಲಿ ಒಣಗಿದ್ದು ಅಲ್ಲಿ ಕುಗ್ಗುತ್ತದೆ. ವರ್ಗವಾಗಿ ಊರೂರು ತಿರುಗುವವರು ಹಿಡಿ ಮಾಡುವ ಮುನ್ನ ಮರವನ್ನು ಹೊಸ ಊರಿನ ಮನೆಯಲ್ಲಿ ಕೆಲವು ವಾರ ಇರಿಸಿಕೊಳ್ಳಬೇಕು.

ಬಳೆ, ತೂತು, ಅರಗು

ಹಿಡಿಯ ಮುಂತುದಿಗೆ ಲೋಹದ ಬಳೆಯಿಲ್ಲದಿದ್ದರೆ ಅತ್ಯುತ್ತಮವಾದ ದಡಸಲೂ ವ್ಯರ್ಥ. ಹಳೆಯ ನಲ್ಲಿಯ ಹಿತ್ತಾಳೆಯ ಬಳೆ, ಕಬ್ಬಿಣದ ನೀರುಕೊಳವೆಯ ಮುಕ್ಕಾಲಂಗುಲದ ತುಂಡು, ಯಾವುದಾದರೂ ಆದೀತು. ಮರವನ್ನು ಬಳೆಯ ಒಳ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಾಗಿ ಕಡೆದು, ಬಳೆಯನ್ನು ಕಾಯಿಸಿ ತಟ್ಟಿ ಕೂರಿಸಿದರೆ, ಅದು ತಣಿದಾಗ ಕುಗ್ಗಿ ಬಿಗಿಯುತ್ತದೆ. ಬಳೆಯೇ ಸಿಕ್ಕದಿದ್ದರೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಅಂಟಿನಲ್ಲಿ ಮುಳುಗಿಸುವುದು.

ಉದ್ದ ಸಣ್ಣ ಉಳಿಗೆ 8ರಿಂದ 10 ಅಂಗುಲ, ನಡುವಣದಕ್ಕೆ 12ರಿಂದ 14, ದೊಡ್ಡದಕ್ಕೆ 16ರಿಂದ 18 ಇರಲಿ. ಹಿಡಿಯುವಲ್ಲಿ ಒಂದೂಕಾಲು ಅಂಗುಲದ ದಪ್ಪ ಹೆಚ್ಚಿನ ಕೈಗಳಿಗೆ ಹೊಂದುತ್ತದೆ. ತೂತನ್ನು ಬೈರಿಗೆಯಿಂದ ಹಿಡಿಯ ನಡುಗೆರೆಯಲ್ಲಿಯೇ ಕೊರೆಯಬೇಕು. ಬಾಲವು ಚೂಪಾಗಿದ್ದರೆ ಹೊರಗೆ ದೊಡ್ಡ ಅಳತೆಯಿಂದಲೂ ಒಳಗೆ ಸಣ್ಣ ಅಳತೆಯಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಕೊರೆಯಬೇಕು.

ಉಳಿಯನ್ನು ಕೂರಿಸುವುದಕ್ಕೆ ಈಗಿನವರು ಅರಾಲ್ಡೈಟಿನಂಥ ಎಪಾಕ್ಸಿ ಅಂಟನ್ನು ಬಳಸುತ್ತಾರೆ. ಹಿಂದಿನವರು ಅರಗಿನ ಪುಡಿಗೆ ಇಟ್ಟಿಗೆಯ ಪುಡಿಯನ್ನು ಬೆರೆಸಿ ತೂತಿಗೆ ತುಂಬಿ, ಕಾಯಿಸಿದ ಬಾಲವನ್ನು ಅದರೊಳಗೆ ಒತ್ತುತ್ತಿದ್ದರು. ಅರಗು ಕರಗಿ, ತಣಿದು, ಕಲ್ಲಾಗುತ್ತಿತ್ತು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೂ ಇದೇ ಆಗಿದೆ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ ಅಂಟುತ್ತದೆ, ಒಣಗಿದ ಗರಿಯಿಂದ ಉಜ್ಜಿದರೆ ಮಿರುಗುತ್ತದೆ. ಬಾಲವನ್ನು ಕಾಯಿಸುವಾಗ ಉಳಿಯ ಬಾಯಿಗೆ ಒದ್ದೆ ಬಟ್ಟೆಯನ್ನು ಸುತ್ತಿರಬೇಕು. ಇಲ್ಲದಿದ್ದರೆ ಶಾಖ ಮುಂದಕ್ಕೆ ಹರಿದು ಉಕ್ಕಿನ ಹದ ಹಾರಿಹೋಗುತ್ತದೆ. ಹಳೆಯ ಅರವನ್ನು ಮಸೆದು ಉಳಿ ಮಾಡುವವರಿಗೂ ಒಂದು ಮಾತು: ಅರದ ಉಕ್ಕು ಗಾಜಿನಂತೆ ಪೆಡಸು, ಕಚ್ಚಿಕೊಂಡರೆ ತುಂಡಾಗಿ ಹಾರುತ್ತದೆ. ಎಂಥ ಹಿಡಿಯೂ ಅದರಿಂದ ಕಾಪಾಡದು.

ಕಡೆಯುವಾಗ ಮೂಗಿಗೆ ಮುಸುಕೂ ಕಣ್ಣಿಗೆ ಕನ್ನಡಕವೂ ಇರಲಿ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1995ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮುಗಿದ ಹಿಡಿಗೆ ದಪ್ಪನೆಯ ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ. ಕೊಬ್ಬರಿಯೆಣ್ಣೆಯನ್ನು ಹಚ್ಚಿದರೆ ಅದು ಒಣಗದೆ ಕಮಟು ವಾಸನೆ ಹಿಡಿಯುತ್ತದೆ. ಅಗಸೆಯೆಣ್ಣೆಯನ್ನು ತೆಳ್ಳಗೆ ಎರಡು ಸಲ ಒರೆಸುವುದು ಸರಿಯಾದ ಕ್ರಮ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆಯೆಣ್ಣೆ ಒಣಗುತ್ತ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಹೊರಗೆ ದಾರಿಯಿಲ್ಲದೆ ಬೆಂಕಿಯಿಲ್ಲದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಒಂದೇ ಗೋಡೆಯ ಆಚೀಚೆ ಸಂಸಾರಗಳಿರುವ ಚಾಳಿನಲ್ಲಿ ಇದನ್ನು ಮರೆಯುವಂತಿಲ್ಲ. ಬಟ್ಟೆಯನ್ನು ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಎಸೆಯಿರಿ.

ಪ್ರತಿ ವರ್ಷವೂ ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ, ಅಂದರೆ ದೀಪಾವಳಿಯ ಸುಮಾರಿಗೆ, ಪ್ರತಿಯೊಂದು ಉಳಿಯ ಬಳೆಯನ್ನೂ ಬೆರಳಿನಿಂದ ತಿರುಗಿಸಿ ನೋಡಬೇಕು. ಅದು ಸ್ವಲ್ಪವಾದರೂ ಸರಿದಾಡಿದರೆ ಆ ಉಳಿಯನ್ನು ಅಂದು ಲೇತಿಗೆ ಒಡ್ಡದೆ, ಬಳೆಯನ್ನು ತೆಗೆದು ಅಂಟು ಹಾಕಿ ಮತ್ತೆ ಕೂರಿಸಿ, ಒಂದು ರಾತ್ರಿ ಹಾಗೆಯೇ ಬಿಡಬೇಕು.